ಬೋರ್ಡು ಬಸ್ಸಿನಲ್ಲಿ, ಹೊಗೆ ಮನೆಯಲ್ಲಿ

'ಧೂಮಪಾನ ನಿಷೇಧಿಸಿದೆ' ಅನ್ನುವ ಬೋರ್ಡು ಬಸ್ಸಿನಲ್ಲಿ ಇರುತ್ತದೆ, ಆಸ್ಪತ್ರೆಯಲ್ಲಿ ಇರುತ್ತದೆ, ಹೋಟೆಲಿನ ಗಲ್ಲಾದ ಹಿಂದೆ ಗೋಡೆಯ ಮೇಲೂ ಇರುತ್ತದೆ. ಮನೆಯ ನಡುಮನೆಯಲ್ಲಿ ಯಾರೂ ಇಂಥ ಬೋರ್ಡು ತೂಗುಹಾಕುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಇನ್ನೊಬ್ಬರು ಸೇದಿದ ಬೀಡಿ, ಸಿಗರೇಟಿನ ಹೊಗೆ ದೊಡ್ಡವರಿಗೆ ಹೆಚ್ಚು ತಾಗುವುದು ಮನೆಯಲ್ಲೇ.

ಇದು ಅಂದಾಜಿನ ಮಾತಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2016-17ರಲ್ಲಿ ದೇಶದ ಎಲ್ಲ ರಾಜ್ಯಗಳಲ್ಲೂ ಒಂದು ತಂಬಾಕು ಸಮೀಕ್ಷೆ ಮಾಡಿಸಿತು. ಗ್ಲೋಬಲ್ ಅಡಲ್ಟ್ ಟೊಬ್ಯಾಕೊ ಸರ್ವೆ ಅಂತ ಅದರ ಹೆಸರು, ಚಿಕ್ಕದಾಗಿ ಗ್ಯಾಟ್ಸ್. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದನ್ನು ನಡೆಸಿತು. 15 ವರ್ಷ ತುಂಬಿದ 74,037 ಜನರನ್ನು ಮನೆಮನೆಗೆ ಹೋಗಿ ಮಾತಾಡಿಸಿದರು. ಮನೆಯಲ್ಲಿ ಹೊಗೆ ತಾಗುತ್ತದೆ ಅಂದವರು 100ಕ್ಕೆ 38.7 ಜನ. ನಾಲ್ಕು ಗೋಡೆಯೊಳಗೆ ಕೆಲಸ ಮಾಡುವವರಲ್ಲಿ, ಕೆಲಸದ ಜಾಗದಲ್ಲಿ ತಾಗುತ್ತದೆ ಅಂದವರು 100ಕ್ಕೆ 30.2. ಬಸ್ಸು, ಹೋಟೆಲು, ಸರ್ಕಾರಿ ಕಚೇರಿ, ಆಸ್ಪತ್ರೆ ಎಲ್ಲ ಸೇರಿಸಿ ಸಾರ್ವಜನಿಕ ಸ್ಥಳದಲ್ಲಿ ತಾಗಿದ್ದು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ.

ಇದೇ ಸಮೀಕ್ಷೆ ಮೊದಲ ಸಲ ನಡೆದದ್ದು 2009-10ರಲ್ಲಿ. ಆಗ ಮನೆಯ ಲೆಕ್ಕ 52.3 ಇತ್ತು. ಏಳು ವರ್ಷಗಳಲ್ಲಿ ಅದು 38.7ಕ್ಕೆ ಬಂದಿದೆ. ಒಳ್ಳೆಯ ಇಳಿಕೆ. ಕೆಲಸದ ಜಾಗದ್ದು ಮಾತ್ರ 29.9 ಇದ್ದದ್ದು 30.2. ಅಂದರೆ ಅಲ್ಲಾಡಲೇ ಇಲ್ಲ. ವಿಚಿತ್ರ ಅಲ್ವಾ? ಕೆಲಸದ ಜಾಗದಲ್ಲಿ ಸೇದಬಾರದು ಅಂತ ಕಾನೂನಿದೆ, ದಂಡವಿದೆ. ಮನೆಗೆ ಅಂಥ ಯಾವ ಕಾನೂನೂ ಇಲ್ಲ. ಆದರೂ ಇಳಿದದ್ದು ಮನೆಯ ಹೊಗೆ.

ಈ ಅಂಕಿಗಳನ್ನು ಓದುವಾಗ ಸ್ವಲ್ಪ ಹುಷಾರಾಗಿರಬೇಕು. 'ಮನೆಯಲ್ಲಿ ತಾಗುತ್ತದೆ' ಅಂದರೆ ದಿನವಿಡೀ ಹೊಗೆಯಲ್ಲೇ ಕೂತಿದ್ದಾರೆ ಅಂತಲ್ಲ. ನಿಮ್ಮ ಮನೆಯೊಳಗೆ ಯಾರಾದರೂ ಎಷ್ಟು ಸಲ ಸೇದುತ್ತಾರೆ ಅಂತ ಕೇಳುತ್ತಾರೆ. ದಿನಾ, ವಾರಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ ಅಂದರೂ ಲೆಕ್ಕಕ್ಕೆ ಸೇರುತ್ತದೆ. ತಿಂಗಳಿಗೊಮ್ಮೆ ಬರುವ ಮಾವ ಹಜಾರದಲ್ಲಿ ಕೂತು ಸೇದುವ ಮನೆಯೂ, ಮೂರು ಹೊತ್ತೂ ಬೀಡಿ ಹೊಗೆ ತುಂಬಿರುವ ಒಂಟಿ ಕೋಣೆಯ ಮನೆಯೂ ಒಂದೇ ಸಾಲಿನಲ್ಲಿ ಬರುತ್ತವೆ. ತಾನೇ ಸೇದುವವನೂ ಈ 38.7ರ ಒಳಗಿದ್ದಾನೆ.

ಸಾರ್ವಜನಿಕ ಸ್ಥಳದ ಪ್ರಶ್ನೆ ಬೇರೆ. ಹಿಂದಿನ 30 ದಿನಗಳಲ್ಲಿ ಅಲ್ಲಿಗೆ ಹೋಗಿದ್ದಿರಾ, ಹೋದಾಗ ಯಾರಾದರೂ ಸೇದುತ್ತಿದ್ದರಾ ಅಂತ. ಹೋಟೆಲಿನಲ್ಲಿ ಹೊಗೆ ತಾಗಿದವರು 100ಕ್ಕೆ 7.4 ಅಂತ ವರದಿ ಹೇಳುತ್ತದೆ. ಕೇಳಲು ಕಡಿಮೆ. ಆದರೆ ಆ ತಿಂಗಳು ಹೋಟೆಲಿನ ಮೆಟ್ಟಿಲನ್ನೇ ಹತ್ತದವರೂ ಆ 100ರಲ್ಲಿ ಇದ್ದಾರೆ. ಹೋಟೆಲಿಗೆ ಹೋದವರನ್ನಷ್ಟೇ ತೆಗೆದುಕೊಂಡರೆ ಪಾಲು ಜಾಸ್ತಿಯಾಗುತ್ತದೆ. ಬಸ್ಸು, ರೈಲಿನಂಥ ವಾಹನಗಳದ್ದು 13.3. ಅವು ಮುಂದಿರುವುದಕ್ಕೆ ಒಂದು ಕಾರಣ, ಅವನ್ನು ಹತ್ತುವವರೇ ಹೆಚ್ಚು.

ಇನ್ನೊಂದು ವಿಷಯ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ ದೇಶದಲ್ಲಿ ಬಿಗಿಯಾದ ತಡೆ ಬಂದದ್ದು 2008ರ ಅಕ್ಟೋಬರ್ 2ರಂದು. ಮೊದಲ ಸಮೀಕ್ಷೆ ಅದರ ಮರುವರ್ಷ. ಕಾನೂನಿನಿಂದ ಸುಲಭವಾಗಿ ಆಗಬೇಕಾಗಿದ್ದ ಇಳಿಕೆ ಆ ಹೊತ್ತಿಗೇ ಒಂದಿಷ್ಟು ಆಗಿಹೋಗಿದ್ದಿರಬಹುದು. ಹಾಗಾಗಿ ಕಾನೂನು ಪೂರ್ತಿ ಸೋತಿತು ಅನ್ನಲು ಬರುವುದಿಲ್ಲ. ಉಳಿದ ಹೊಗೆಗೆ ಅದು ಸಾಲಲಿಲ್ಲ ಅನ್ನಬಹುದು.

ಎರಡು ಬಗೆಯ ಹೊಗೆ

ಒಬ್ಬ ಸಿಗರೇಟು ಸೇದುವಾಗ ಎರಡು ಕಡೆಯಿಂದ ಹೊಗೆ ಬರುತ್ತದೆ. ಅವನು ಎಳೆದು, ಎದೆಯಲ್ಲಿ ಇಟ್ಟುಕೊಂಡು, ಹೊರಗೆ ಬಿಟ್ಟದ್ದು ಒಂದು. ಎರಡು ಎಳೆತಗಳ ನಡುವೆ ಬೆರಳ ಸಂದಿಯಲ್ಲಿ ಸುಮ್ನೆ ಉರಿಯುತ್ತಿರುವ ತುದಿಯಿಂದ ಏಳುವುದು ಇನ್ನೊಂದು. ಪಕ್ಕದಲ್ಲಿರುವವರಿಗೆ ಸಿಗುವ ಹೊಗೆಯಲ್ಲಿ 100ಕ್ಕೆ ಸುಮಾರು 85 ಭಾಗ ಈ ಎರಡನೆಯದು. ಅದು ಯಾರ ಎದೆಯನ್ನೂ ಹೊಕ್ಕು ಬಂದದ್ದಲ್ಲ, ಫಿಲ್ಟರ್ ಮೂಲಕವೂ ಹಾದು ಬಂದದ್ದಲ್ಲ.

ಎಳೆಯುವಾಗ ಗಾಳಿ ಸಿಕ್ಕಿ ತುದಿ ಕೆಂಪಗೆ ಉರಿಯುತ್ತದೆ, ಬಿಸಿ 900 ಡಿಗ್ರಿಯ ಹತ್ತಿರ ಹೋಗುತ್ತದೆ. ಸುಮ್ಮನಿದ್ದಾಗ ಅದು 600ರ ಆಸುಪಾಸು. ಬಿಸಿ ಕಡಿಮೆ, ಗಾಳಿಯೂ ಕಡಿಮೆ. ತಂಬಾಕು ಸರಿಯಾಗಿ ಸುಡುವುದಿಲ್ಲ. ಹಸಿ ಸೌದೆ ಒಲೆಯಲ್ಲಿ ಧಗಧಗ ಉರಿಯುವ ಬದಲು ಹೊಗೆಯಾಡುತ್ತದಲ್ಲ, ಹಾಗೆ. ಅರೆಬರೆ ಸುಟ್ಟದ್ದರಿಂದ ಕಾರ್ಬನ್ ಮಾನಾಕ್ಸೈಡ್, ಅಮೋನಿಯಾ, ಕ್ಯಾನ್ಸರ್ ತರುವ ನೈಟ್ರೋಸಮಿನ್‌ಗಳು ತುದಿಯ ಹೊಗೆಯಲ್ಲಿ ಹೆಚ್ಚು.

ಇದು ಸಿಗರೇಟು ಕಂಪನಿಗಳಿಗೆ ನಮಗಿಂತ ಮೊದಲೇ ಗೊತ್ತಿತ್ತು. ಫಿಲಿಪ್ ಮೋರಿಸ್ ಕಂಪನಿ ಜರ್ಮನಿಯಲ್ಲಿದ್ದ ತನ್ನ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಇದನ್ನು ಇಲಿಗಳ ಮೇಲೆ ಪರೀಕ್ಷಿಸಿತ್ತು. ಫಲಿತಾಂಶವನ್ನು ಹೊರಗೆ ಹಾಕಲಿಲ್ಲ. ಅಮೆರಿಕದ ಕೋರ್ಟು ಮೊಕದ್ದಮೆಗಳಿಂದಾಗಿ ಆ ಕಾಗದಗಳು ಬಯಲಿಗೆ ಬಂದವು. 2005ರಲ್ಲಿ ಸಂಶೋಧಕರು ಅವನ್ನು ಓದಿ ಪ್ರಕಟಿಸಿದರು. ಗ್ರಾಂಗೆ ಗ್ರಾಂ ಹೋಲಿಸಿದರೆ, ಸೇದುವವನು ಎಳೆದುಕೊಳ್ಳುವ ಹೊಗೆಗಿಂತ ತುದಿಯ ಹೊಗೆ ಸುಮಾರು ನಾಲ್ಕು ಪಟ್ಟು ವಿಷ ಅಂತ ಅವುಗಳಲ್ಲಿತ್ತು.

ಹಾಗಂತ ಪಕ್ಕದಲ್ಲಿ ಕೂತವರಿಗೆ ಸೇದುವವನಿಗಿಂತ ಹೆಚ್ಚು ಅಪಾಯ ಅನ್ನುವ ಮಾತು ತಪ್ಪು. ವಾಟ್ಸಾಪಿನಲ್ಲಿ ಇದು ಓಡಾಡುತ್ತಲೇ ಇರುತ್ತದೆ. ಹೊಗೆ ಗಾಳಿಯಲ್ಲಿ ಬೆರೆತು ತೆಳುವಾದ ಮೇಲೇ ಪಕ್ಕದವರಿಗೆ ಸಿಗುವುದು. ಸೇದುವವನು ತನ್ನ ಪಾಲಿನದ್ದನ್ನು ನೇರವಾಗಿ ಎಳೆದು, ಮೇಲೆ ಈ ಹೊಗೆಯನ್ನೂ ಕುಡಿಯುತ್ತಾನೆ. ಅವನಿಗೇ ಹೆಚ್ಚು ಹಾನಿ.

ಸ್ವಲ್ಪ ಹೊಗೆ, ಸ್ವಲ್ಪ ಅಪಾಯ?

ಜನ ಎಡವುವುದು ಇಲ್ಲಿ. ಹೊಗೆ ನೂರರಲ್ಲಿ ಒಂದು ಪಾಲು ತಾಗಿದರೆ ಅಪಾಯವೂ ಒಂದೇ ಪಾಲು ಅಂತ ಅಂದುಕೊಳ್ಳುತ್ತೇವೆ. ಶ್ವಾಸಕೋಶದ ಕ್ಯಾನ್ಸರಿನ ಮಟ್ಟಿಗೆ ಈ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ. ಹೃದಯದ ಮಟ್ಟಿಗೆ ನಡೆಯುವುದೇ ಇಲ್ಲ.

ದಿನಕ್ಕೆ ಒಂದೇ ಸಿಗರೇಟು ಸೇದುವವನ ಹೃದಯರೋಗದ ಹೆಚ್ಚುವರಿ ಅಪಾಯ, 20 ಸೇದುವವನ ಅಪಾಯದ ಅರ್ಧದಷ್ಟರ ಹತ್ತಿರ ಇರುತ್ತದೆ. ಇದು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸಿಕ್ಕ ಲೆಕ್ಕ. ಅಂದರೆ ಮೊದಲ ಸ್ವಲ್ಪ ಹೊಗೆಗೇ ಅಪಾಯ ಜಿಗಿಯುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳು ಅಂಟಂಟಾಗಿ ಹೆಪ್ಪುಗಟ್ಟಲು ತಯಾರಾಗುವುದಕ್ಕೆ, ರಕ್ತನಾಳದ ಒಳಪದರ ಹಿಗ್ಗುವ ಗುಣ ಕಳೆದುಕೊಳ್ಳುವುದಕ್ಕೆ ಬಹಳ ಹೊಗೆ ಬೇಕಿಲ್ಲ.

ಜಪಾನಿನಲ್ಲಿ 2001ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಯಾವತ್ತೂ ಸೇದದ ಆರೋಗ್ಯವಂತ ಯುವಕರನ್ನು ಆಸ್ಪತ್ರೆಯ ಸ್ಮೋಕಿಂಗ್ ರೂಮಿನಲ್ಲಿ 30 ನಿಮಿಷ ಕೂರಿಸಿದರು. ಮೊದಲೂ ಆಮೇಲೂ ಅವರ ಹೃದಯಕ್ಕೆ ರಕ್ತ ಕೊಡುವ ನಾಳಗಳನ್ನು ಪರೀಕ್ಷಿಸಿದರು. ಬೇಕಾದಾಗ ರಕ್ತದ ಹರಿವನ್ನು ಹೆಚ್ಚಿಸುವ ಶಕ್ತಿ ಆ ಅರ್ಧ ಗಂಟೆಯಲ್ಲಿ ಕುಗ್ಗಿ, ಸೇದುವವರ ಮಟ್ಟಕ್ಕೇ ಇಳಿದಿತ್ತು. ಅವರೆಲ್ಲ ಆರೋಗ್ಯವಂತರು, ಅದು ತಾತ್ಕಾಲಿಕ ಬದಲಾವಣೆ. ಆದರೆ ಆಗಲೇ ನಾಳ ಕಟ್ಟಿಕೊಂಡಿರುವ 60 ದಾಟಿದವರಿಗೆ ಅಂಥ ಅರ್ಧ ಗಂಟೆಯೇ ದೊಡ್ಡದು.

ಹೀಗೆ ಇನ್ನೊಬ್ಬರ ಹೊಗೆಯಲ್ಲಿ ಬದುಕುವವರಿಗೆ ಹೃದಯರೋಗದ ಅಪಾಯ 100ಕ್ಕೆ 25ರಿಂದ 30 ಭಾಗ ಹೆಚ್ಚು, ಶ್ವಾಸಕೋಶದ ಕ್ಯಾನ್ಸರಿನದು 20ರಿಂದ 30 ಭಾಗ ಹೆಚ್ಚು, ಪಾರ್ಶ್ವವಾಯುವಿನದೂ ಅಷ್ಟೇ. ಒಬ್ಬರಿಗೆ ಸಣ್ಣದಾಗಿ ಕಾಣುತ್ತದೆ. ಹೃದಯರೋಗ ಮೊದಲೇ ಅಷ್ಟೊಂದು ಜನರಿಗೆ ಬರುವ ಕಾಯಿಲೆ. ಅದರ ಮೇಲೆ 25 ಭಾಗ ಅಂದರೆ ಒಟ್ಟು ಲೆಕ್ಕ ದೊಡ್ಡದಾಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಸೇದದವರು ಹೀಗೆ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ಸಂಬಂಧವನ್ನು ಮೊದಲು ಗಟ್ಟಿಯಾಗಿ ತೋರಿಸಿದವರಲ್ಲಿ ಒಬ್ಬರು ಜಪಾನಿನ ತಾಕೇಶಿ ಹಿರಾಯಾಮ. 1981ರಲ್ಲಿ ಅವರ ಅಧ್ಯಯನ ಹೊರಬಂತು. ತಾವು ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿದ ಲೆಕ್ಕ ಅದು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಸಾವು ಹೆಚ್ಚು. ಕಂಪನಿಗಳು ವರ್ಷಗಟ್ಟಲೆ ಅದನ್ನು ಅಲ್ಲಗಳೆದವು, ಲೆಕ್ಕ ತಪ್ಪು ಅಂದವು. ಆಮೇಲೆ ಬಂದ ಅಧ್ಯಯನಗಳು ಅದನ್ನೇ ಹೇಳಿದವು. ನನಗೆ ಇಲ್ಲಿ ಮುಖ್ಯ ಅನ್ನಿಸುವುದು, ಈ ಶಾಸ್ತ್ರ ಶುರುವಾದದ್ದೇ ಮನೆಯಿಂದ. ಬಾರು, ರೈಲು, ಆಫೀಸು ಆಮೇಲೆ ಬಂದವು.

'ನನಗೆ ಹೊಗೆ ತಾಗಿಲ್ಲ' ಅಂದುಕೊಂಡವರ ಮಾತನ್ನು ಪರೀಕ್ಷಿಸಲೂ ಬರುತ್ತದೆ. ನಿಕೋಟಿನ್ ದೇಹದೊಳಗೆ ಕೋಟಿನಿನ್ ಆಗುತ್ತದೆ. ನಿಕೋಟಿನ್ ಒಂದೆರಡು ಗಂಟೆಯಲ್ಲಿ ಅರ್ಧಕ್ಕಿಳಿದರೆ ಕೋಟಿನಿನ್ ಅರ್ಧವಾಗಲು 16 ಗಂಟೆಗೂ ಹೆಚ್ಚು ಹೊತ್ತು ಬೇಕು. ಎಂಜಲು, ಮೂತ್ರ, ರಕ್ತ ಯಾವುದರಲ್ಲಾದರೂ ಸಿಗುತ್ತದೆ. ಅಮೆರಿಕದಲ್ಲಿ 1990ರ ಸುಮಾರಿಗೆ ಸೇದದವರಲ್ಲೂ ಹತ್ತಕ್ಕೆ ಒಂಬತ್ತು ಜನರ ರಕ್ತದಲ್ಲಿ ಕೋಟಿನಿನ್ ಇತ್ತು. ಎರಡು ದಶಕದ ನಂತರ ಅದು ನಾಲ್ವರಲ್ಲಿ ಒಬ್ಬರಿಗೆ ಇಳಿಯಿತು. ನಡುವೆ ಆದದ್ದು ಆಫೀಸು, ಹೋಟೆಲುಗಳಲ್ಲಿ ಸೇದುವುದಕ್ಕೆ ಬಿದ್ದ ತಡೆ, ಜತೆಗೆ ಸೇದುವವರೇ ಕಡಿಮೆಯಾದದ್ದು.

ಕಿಟಕಿ ತೆಗೆದರೆ ಆಯ್ತಲ್ಲ

ಎಲ್ಲ ಮನೆಯಲ್ಲೂ ಕೇಳಿಬರುವ ಮಾತು. ಆಗುವುದಿಲ್ಲ. ಹೊಗೆಯ ಕಣಗಳು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಸಣ್ಣವು, ಕೆಳಗೆ ಕೂರುವುದಿಲ್ಲ, ಗಾಳಿಯ ಜತೆ ತೇಲುತ್ತಾ ಕೋಣೆಯಿಂದ ಕೋಣೆಗೆ ಹೋಗುತ್ತವೆ. ಫ್ಯಾನು ಅವನ್ನು ಹರಡುತ್ತದೆ, ಅಷ್ಟೇ. ಮನೆಯ ಎ.ಸಿ. ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ. ಏರ್ ಪ್ಯೂರಿಫೈಯರ್ ಕಣಗಳನ್ನು ಒಂದಿಷ್ಟು ಹಿಡಿದರೂ ಅನಿಲಗಳು ನುಸುಳಿಕೊಳ್ಳುತ್ತವೆ. ಕಿಟಕಿಯ ಪಕ್ಕ ನಿಂತು ಸೇದಿದರೆ, ಹೊರಗಿನ ಗಾಳಿ ಒಳಮುಖವಾಗಿ ಬೀಸುತ್ತಿದ್ದರೆ, ಹೊಗೆ ಪೂರ್ತಿ ಮನೆಗೇ. ಬಾಲ್ಕನಿಯ ಬಾಗಿಲು ತೆರೆದಿದ್ದರೂ ಇದೇ ಕಥೆ. ಕಟ್ಟಡಗಳ ಗಾಳಿಯ ವ್ಯವಸ್ಥೆಯನ್ನೇ ಕಸುಬಾಗಿಸಿಕೊಂಡ ಎಂಜಿನಿಯರುಗಳ ಸಂಘಗಳೂ ಹೇಳುವುದು ಒಂದೇ: ಒಳಗೆ ಸೇದುವುದನ್ನು ನಿಲ್ಲಿಸುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಬಯಲಿನಲ್ಲಿ ಹಾಗಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ ಹೊರಗಿನ ಹೊಗೆಯನ್ನು ಅಳೆದರು. ಸೇದುವವನಿಂದ ಅರ್ಧ ಮೀಟರಿನೊಳಗೆ, ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ, ಮನೆಯೊಳಗಿನಷ್ಟೇ ಹೊಗೆ ಇರಬಹುದು. ಎರಡು ಮೀಟರು ಸರಿದರೆ ಬಹಳ ಕಡಿಮೆ. ಸಿಗರೇಟು ಆರಿಸಿದ ಕೂಡಲೇ ಹೊರಗೆ ಹೊಗೆ ಇಲ್ಲವಾಗುತ್ತದೆ. ಒಳಗಾದರೆ ಗಂಟೆಗಟ್ಟಲೆ ಉಳಿಯುತ್ತದೆ. ಬೆಂಗಳೂರಿನ ಟೀ ಅಂಗಡಿಯ ಮುಂದೆ ಗುಂಪಾಗಿ ನಿಲ್ಲುವವರಿಗೆ ಇದು ಉಪಯೋಗದ ಲೆಕ್ಕ. ನಾಲ್ಕು ಹೆಜ್ಜೆ ಆಚೆ ನಿಂತು ಟೀ ಕುಡಿದರೆ ನಿಜವಾಗಿಯೂ ವ್ಯತ್ಯಾಸವಾಗುತ್ತದೆ. ಆದರೆ ತಗಡಿನ ಮೂರು ಗೋಡೆಯೊಳಗೆ ಹಾಲು ಕಾಯಿಸುತ್ತಾ ನಿಂತ ಅಂಗಡಿಯವರು ಎಲ್ಲಿಗೆ ಸರಿಯಬೇಕು?

ಇನ್ನು ಗೋಡೆ, ಪರದೆ, ಸೋಫಾಗೆ ಅಂಟಿಕೊಳ್ಳುವ ನಿಕೋಟಿನ್. ಅದು ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜತೆ ಸೇರಿ ನೈಟ್ರೋಸಮಿನ್‌ಗಳಾಗುತ್ತದೆ ಅಂತ 2010ರಲ್ಲಿ ಗೊತ್ತಾಯಿತು. ಅದರಿಂದ ದೊಡ್ಡವರಿಗೆ ಎಷ್ಟು ಕಾಯಿಲೆ ಅನ್ನುವುದು ಗಾಳಿಯ ಹೊಗೆಯಷ್ಟು ಸ್ಪಷ್ಟವಾಗಿಲ್ಲ. ಹಾಗಾಗಿ ಮೊದಲ ಚಿಂತೆ ಗಾಳಿಯದ್ದೇ ಆಗಿರಲಿ.

ಕಾನೂನಿನ ಕೈ ಎಲ್ಲಿಯವರೆಗೆ

ಭಾರತದಲ್ಲಿ ಈ ಹೋರಾಟಕ್ಕೆ ದಕ್ಷಿಣದಿಂದಲೂ ಬಲ ಬಂತು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಇನ್ನೊಬ್ಬರ ಬದುಕುವ ಹಕ್ಕಿಗೆ ಧಕ್ಕೆ ಅಂತ ತೀರ್ಪು ಕೊಟ್ಟಿತು. ಮುಂಬೈನ ಕಾಂಗ್ರೆಸ್ ನಾಯಕ ಮುರಳಿ ದಿಯೋರಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಇಡೀ ದೇಶಕ್ಕೆ ಅದೇ ದಾರಿ ಹಾಕಿತು. ತಂಬಾಕು ನಿಯಂತ್ರಣ ಕಾಯ್ದೆ, ಕೋಟ್ಪಾ, 2003ರಲ್ಲಿ ಬಂತು. ಅದರ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದ ಹೊಗೆಗೆ ಸಂಬಂಧಿಸಿದ್ದು. 2008ರ ನಿಯಮಗಳು ಆಫೀಸು, ಮಾಲು, ಬಾರು, ಪಬ್ಬುಗಳನ್ನೂ ಅದರೊಳಗೆ ಸೇರಿಸಿದವು.

ನಿಯಮ ಓದಿದರೆ ಆಶ್ಚರ್ಯವಾಗುತ್ತದೆ, ಅಷ್ಟು ಬಿಗಿ. ಬೋರ್ಡು ಕನಿಷ್ಠ ಇಂತಿಷ್ಟು ಅಳತೆ ಇರಬೇಕು, 60 ಸೆಂಟಿಮೀಟರಿಗೆ 30. ದೂರು ಯಾರಿಗೆ ಕೊಡಬೇಕು ಅಂತ ಹೆಸರು ಹಾಕಿರಬೇಕು. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡುವಂತಿಲ್ಲ. ಯಾರಾದರೂ ಸೇದಿದರೆ ಮಾಲೀಕ ಅಥವಾ ಮ್ಯಾನೇಜರೂ ಹೊಣೆ. ಕನಿಷ್ಠ 30 ಕೋಣೆಗಳಿರುವ ಹೋಟೆಲು, ಕನಿಷ್ಠ 30 ಜನ ಕೂರುವ ರೆಸ್ಟೋರೆಂಟು, ವಿಮಾನ ನಿಲ್ದಾಣ, ಇವು ಮಾತ್ರ ಸೇದಲು ಪ್ರತ್ಯೇಕ ಕೋಣೆ ಮಾಡಬಹುದು. ಅದಕ್ಕೆ ಸೂರಿನವರೆಗೂ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಗಾಳಿ ನೇರ ಹೊರಗೆ ಹೋಗುವ ವ್ಯವಸ್ಥೆ ಬೇಕು. ಮೂಲೆಯಲ್ಲಿ ಎರಡು ಟೇಬಲ್ಲು ಹಾಕಿ 'ಸ್ಮೋಕಿಂಗ್ ಝೋನ್' ಅಂತ ಬರೆದರೆ ನಡೆಯುವುದಿಲ್ಲ. ದಂಡ ಹಾಕುವ ಅಧಿಕಾರ ಪೊಲೀಸರಿಗಷ್ಟೇ ಅಲ್ಲ, ಶಾಲೆಯ ಹೆಡ್‌ಮಾಸ್ಟರಿಗೂ ಲೈಬ್ರರಿಯನ್‌ಗೂ ಪೋಸ್ಟ್‌ಮಾಸ್ಟರಿಗೂ ಇದೆ. ಪೋಸ್ಟ್‌ಮಾಸ್ಟರು ದಂಡದ ರಸೀದಿ ಹರಿದದ್ದನ್ನು ನೀವು ನೋಡಿದ್ದರೆ ಪುಣ್ಯವಂತರು.

ದಂಡ ಬಹಳ ವರ್ಷ 200 ರೂಪಾಯಿಯಲ್ಲೇ ನಿಂತಿತ್ತು. ಕರ್ನಾಟಕ ತನ್ನ ಮಟ್ಟಿಗೆ ತಿದ್ದುಪಡಿ ತಂದು, 2025ರ ಮೇ ತಿಂಗಳಲ್ಲಿ ಅದನ್ನು 1,000 ರೂಪಾಯಿಗೆ ಏರಿಸಿತು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21 ಆಯಿತು, ಹುಕ್ಕಾ ಬಾರುಗಳಿಗೆ ಬಾಗಿಲು ಮುಚ್ಚಿತು. ಹುಕ್ಕಾದ ಹೊಗೆ ನೀರಿನೊಳಗಿಂದ ಬರುವುದರಿಂದ ಸ್ವಚ್ಛ ಅನ್ನುವ ನಂಬಿಕೆ ಸುಳ್ಳು; ಇದ್ದಿಲಿನ ಕಾರ್ಬನ್ ಮಾನಾಕ್ಸೈಡನ್ನು ನೀರು ತಡೆಯುವುದಿಲ್ಲ, ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗರು ಅದನ್ನು ರಾತ್ರಿಯಿಡೀ ಕುಡಿಯುತ್ತಿದ್ದರು.

ಕಾನೂನು ಸರಿಯಾಗಿ ಜಾರಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಸ್ಕಾಟ್ಲೆಂಡ್ ನೋಡಬಹುದು. 2006ರ ಮಾರ್ಚಿನಲ್ಲಿ ಅಲ್ಲಿ ಒಳಾಂಗಣದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದು ನಿಂತಿತು. ಮುಂದಿನ ವರ್ಷದಲ್ಲಿ, ಅಧ್ಯಯನಕ್ಕೆ ತೆಗೆದುಕೊಂಡ ಒಂಬತ್ತು ಆಸ್ಪತ್ರೆಗಳಲ್ಲಿ ಹೃದಯದ ತೊಂದರೆಗೆ ದಾಖಲಾದವರು 100ಕ್ಕೆ 17 ಭಾಗ ಕಡಿಮೆಯಾದರು. ಆ ಇಳಿಕೆಯಲ್ಲಿ ಹೆಚ್ಚಿನವರು ಸೇದದವರು. ನಮ್ಮಲ್ಲಿ ಕೆಲಸದ ಜಾಗದ ಹೊಗೆ ಯಾಕೆ 100ಕ್ಕೆ 30ರಿಂದ ಇಳಿಯಲಿಲ್ಲ ಅಂದರೆ, ಸಣ್ಣ ಗ್ಯಾರೇಜು, ಗೋದಾಮು, ವರ್ಕ್‌ಶಾಪುಗಳಿಗೆ ಯಾವ ತಪಾಸಣೆಯೂ ಬರುವುದಿಲ್ಲ ಅಂತ ನನಗನ್ನಿಸುತ್ತದೆ. ಅಲ್ಲಿ ಬೀಡಿ ಹಚ್ಚುವವನು ಒಮ್ಮೊಮ್ಮೆ ಮಾಲೀಕನೇ.

ಬಾಗಿಲೊಳಗೆ

ಮನೆಯ ಹೊಗೆ ಇಳಿದದ್ದಕ್ಕೆ ಒಂದು ಸರಳ ಕಾರಣ, ಸೇದುವವರೇ ಕಡಿಮೆಯಾದರು. ಎರಡು ಸಮೀಕ್ಷೆಗಳ ನಡುವೆ ದೇಶದಲ್ಲಿ 100ಕ್ಕೆ 14 ಇದ್ದವರು 10.7 ಆದರು. ಉಳಿದವರಲ್ಲೂ ಹಲವರು ಒಳಗಿನಿಂದ ಜಗಲಿಗೆ, ಟೆರೇಸಿಗೆ, ಬೀದಿಗೆ ಹೋದರು ಅನ್ನಿಸುತ್ತದೆ. ಅವರನ್ನು ಹೊರಗೆ ಕಳಿಸಿದ್ದು ಪೊಲೀಸರಲ್ಲ.

ಅದೇನೂ ಸುಲಭದ ಕೆಲಸವಲ್ಲ. 2016-17ರಲ್ಲಿ ಗಂಡಸರಲ್ಲಿ 100ಕ್ಕೆ 19 ಜನ ಸೇದುತ್ತಿದ್ದರು, ಹೆಂಗಸರಲ್ಲಿ 2. ಮನೆಯಲ್ಲಿ ಹೊಗೆ ಬಿಡುವವರು ಗಂಡ, ಮಾವ, ಭಾವ. ಆ ಹೊಗೆ ಕುಡಿಯುವವರು ಹೆಂಡತಿ, ಸೊಸೆ, ನಾದಿನಿ. 'ಮಾವ, ಹೊರಗೆ ಹೋಗಿ ಸೇದಿ' ಅಂತ ಸೊಸೆ ಬಾಯಿಬಿಟ್ಟು ಹೇಳುವ ಮನೆ ಎಷ್ಟಿವೆ? ಬಸ್ಸಿನಲ್ಲಿ ಅಪರಿಚಿತನಿಗೆ ಹೇಳುವುದೇ ಎಷ್ಟೋ ಸುಲಭ. ಕಂಡಕ್ಟರ್ ಇದ್ದಾರೆ, ಬೋರ್ಡಿದೆ, ನಾಲ್ಕು ಜನ ದನಿಗೂಡಿಸುತ್ತಾರೆ. ಇನ್ನೊಬ್ಬರ ಹೊಗೆಯಿಂದ ಭಾರತದಲ್ಲಿ ಆಗುವ ಚಿಕಿತ್ಸೆಯ ಖರ್ಚು ವರ್ಷಕ್ಕೆ ಸುಮಾರು 56,700 ಕೋಟಿ ರೂಪಾಯಿ ಅಂತ 2017ರ ಅಂಕಿಗಳ ಮೇಲೆ ಲೆಕ್ಕ ಹಾಕಿದ್ದಾರೆ. ಅದರಲ್ಲಿ 100ಕ್ಕೆ 71 ಭಾಗ ಹೆಂಗಸರ ಕಾಯಿಲೆಗೆ ಹೋಗುತ್ತದೆ.

ಯಾರೂ ಎಣಿಸದ ಇನ್ನೊಂದು ಗುಂಪಿದೆ. ಮನೆಗೆಲಸದವರು, ಅಡುಗೆಯವರು, ವಯಸ್ಸಾದವರನ್ನು ನೋಡಿಕೊಳ್ಳುವವರು. ನಿಮ್ಮ ನಡುಮನೆ ಅವರ ಕೆಲಸದ ಜಾಗ. ಆದರೆ ಆ ಜಾಗಕ್ಕೆ ಬೋರ್ಡಿನ ಕಾನೂನು ಬರುವುದಿಲ್ಲ, ಮನೆಯವರ ಹಾಗೆ ಗೊಣಗುವ ಸಲಿಗೆಯೂ ಅವರಿಗಿಲ್ಲ.

ಬಿಟ್ಟುಬಿಡಿ ಅಂತ ದಿನಾ ಜಗಳವಾಡುವುದಕ್ಕಿಂತ 'ಸೂರಿನ ಕೆಳಗೆ ಯಾರೂ ಸೇದಬಾರದು' ಅನ್ನುವ ಒಂದೇ ಕಟ್ಟಳೆ ಹೆಚ್ಚು ಕೆಲಸ ಮಾಡುತ್ತದೆ. ಅದು ಒಬ್ಬರ ಮೇಲಿನ ಆರೋಪವಲ್ಲ. ನೆಂಟರಿಗೂ ಅದೇ, ಮನೆಯ ಹಿರಿಯರಿಗೂ ಅದೇ. ಮಳೆ ಬಂತು ಅಂತ ಬಚ್ಚಲಮನೆಯಲ್ಲಿ ಸೇದುವಂತಿಲ್ಲ, ಅದೂ ಸೂರಿನ ಕೆಳಗೇ ಬರುತ್ತದೆ. ಇಂಥ ಮನೆಗಳಲ್ಲಿ ಸೇದುವವರು ಕಡಿಮೆ ಸೇದುತ್ತಾರೆ, ಬಿಡಲು ಪ್ರಯತ್ನಪಟ್ಟವರು ಗೆಲ್ಲುವುದೂ ಹೆಚ್ಚು ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಪ್ರತಿ ಸಲ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿಯಬೇಕಾದರೆ ಎಷ್ಟೋ ಸಿಗರೇಟು ಹಾಗೇ ತಪ್ಪಿಹೋಗುತ್ತವೆ.

ಬಿಡಬೇಕು ಅನ್ನುವವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು.